ಎರಡು ಪಾಲಾದ ತರ್ಕಶಾಸ್ತ್ರ

ಸತ್ತವರ ಬಗ್ಗೆ ಕೆಟ್ಟ ಮಾತು ಆಡಬಾರದು ಎನ್ನುತ್ತಾರೆ. ಹಾಗೆನ್ನುವವರು ನಮ್ಮ ಕಾಕಾನ ಮನೆಯಲ್ಲಿ ಉಂಡವರಲ್ಲ. ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನನಗೆ ಒಂಬತ್ತು ವರ್ಷವಾಗಿದ್ದಾಗ ಅಪ್ಪ ತೀರಿಕೊಂಡ. ಕಮಲಾಪುರದ ಮನೆ, ಎರಡು ಬಾವಿ, ಕೆಂಪು ಬಾಳೆಯ ತೋಟ ಎಲ್ಲವೂ ಕಾಕಾನ ಕೈಗೆ ಹೋದವು. ಅವುಗಳ ಜೊತೆಗೆ ನಾನೂ ನನ್ನ ಅವ್ವನೂ ಹೋದೆವು.

ಅವನು ಜಿಪುಣ ಎಂದರೆ ಜಿಪುಣರಿಗೆ ಸಿಟ್ಟು ಬಂದೀತು. ನಮ್ಮ ತೋಟದ ಬಾಳೆ ಕಲಬುರಗಿಯ ಪೇಟೆಯಲ್ಲಿ ಹೆಸರುವಾಸಿ. ತಾಲ್ಲೂಕಿನ ಅಧಿಕಾರಿಗಳ ಮನೆಗೆ ಬುಟ್ಟಿಗಟ್ಟಲೆ ಹೋಗುತ್ತಿತ್ತು. ಮನೆಯವರ ಪಾಲಿಗೆ ಮಾತ್ರ ಗಾಡಿಯಲ್ಲಿ ಜಜ್ಜಿಹೋದದ್ದು, ಸಿಪ್ಪೆ ಕಪ್ಪಾದದ್ದು. ನಾನು ಕಾಲೇಜು ಸೇರುವವರೆಗೂ ಕಲೆಯಿಲ್ಲದ ಒಂದು ಹಣ್ಣು ತಿಂದವನಲ್ಲ. ಅವ್ವ ಬೆಳಗಿನಿಂದ ಸಂಜೆಯವರೆಗೆ ಒಲೆಯ ಮುಂದೆ ಕೂತು ಆಳುಕಾಳುಗಳಿಗೆಲ್ಲ ರೊಟ್ಟಿ ಬಡಿಯುತ್ತಿದ್ದಳು. ಆಕೆ ಆ ಮನೆಯ ಹಿರಿಯ ಸೊಸೆ ಎಂಬುದು ಊರಿಗೆಲ್ಲ ಮರೆತುಹೋಗಿತ್ತು.

ಕಾಕಾನಿಗೆ ಒಬ್ಬ ಮಗ, ನನಗಿಂತ ಒಂದು ವರ್ಷ ಸಣ್ಣವನು. ಶಾಲೆಯಲ್ಲಿ ನಾನೊಮ್ಮೆ ಜ್ವರದಲ್ಲಿ ಒಂದು ವರ್ಷ ಕಳೆದುಕೊಂಡಿದ್ದರಿಂದ ಇಬ್ಬರೂ ಒಂದೇ ತರಗತಿಗೆ ಬಂದೆವು. ಮೆಟ್ರಿಕ್ ಪಾಸಾದಾಗ ಕಾಕಾ ಗಲ್ಲಿಯ ಹಿರಿಯರಿಬ್ಬರ ಎದುರಿಗೆ ನಮ್ಮಿಬ್ಬರನ್ನೂ ಕಟ್ಟೆಯ ಮೇಲೆ ಕೂಡಿಸಿಕೊಂಡು ಹೇಳಿದ: “ಇಬ್ಬರನ್ನೂ ಕಲಬುರಗ್ಯಾಗ ಇಂಟರ್ ಓದಸ್ತೀನಿ. ಹೈದರಾಬಾದಿಗೆ ಬಿ.ಎ. ಓದಾಕ ಒಬ್ಬನ್ನೇ ಕಳಸ್ತೀನಿ. ಯಾರಿಗೆ ನಂಬರ್ ಹೆಚ್ಚ ಬರ್ತಾವೋ ಅವ ಹೋಗಲಿ. ಇನ್ನೊಬ್ಬ ತೋಟಕ್ಕ ಬರಲಿ.” ತೋಟಕ್ಕೆ ಅವನ ಮಗ ಬಂದರೆ ಯಜಮಾನನಾಗಿ ಬರುತ್ತಾನೆ; ನಾನು ಬಂದರೆ ಆಳಾಗಿ. ಇದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅಂದು ಅವ್ವ ನನಗೆ ಹೇಳಿದ್ದು ಇಷ್ಟೇ: “ನೀ ಕಲ್ತು ಒಂದು ನೌಕರಿ ಹಿಡದ್ರ ನಾ ಈ ಒಲಿ ಮುಂದಿಂದ ಎದ್ದು ಬರ್ತೀನಿ. ಇಲ್ಲಂದ್ರ ಇಲ್ಲೇ ಸಾಯ್ತೀನಿ.”

ಆಗ ನಮ್ಮ ಸೀಮೆಯಲ್ಲಿ ನಿಜಾಮರ ರಾಜ್ಯ. ಕಚೇರಿಯೂ ಉರ್ದು, ಕಾಲೇಜೂ ಉರ್ದು. ಮನೆಯಲ್ಲಿ ಕನ್ನಡ ಮಾತಾಡಿ, ಪೇಟೆಯಲ್ಲಿ ಎರಡನ್ನೂ ಕಲಸಿ ಮಾತಾಡಿ, ಕಾಲೇಜಿನಲ್ಲಿ ಗಣಿತ ಚರಿತ್ರೆಗಳನ್ನೆಲ್ಲ ಉರ್ದುವಿನಲ್ಲಿ ಓದುತ್ತಿದ್ದೆವು. ಪುಸ್ತಕಗಳು ಹೈದರಾಬಾದಿನಲ್ಲಿ ತರ್ಜುಮೆಯಾಗಿ, ಅಚ್ಚಾಗಿ ಬರುತ್ತಿದ್ದವು. ದಪ್ಪ ಪುಸ್ತಕ, ದಪ್ಪ ಬೆಲೆ. ಅದಕ್ಕೆ ನಮ್ಮಂಥವರು ಹೊಸದು ಕೊಳ್ಳುತ್ತಿರಲಿಲ್ಲ. ಫಲಿತಾಂಶ ಬಂದ ವಾರ ಪಾಸಾದವರು ಕಾಲೇಜಿನ ಹಿಂದಿನ ಬೇವಿನ ಮರದ ಕೆಳಗೆ ಧೋತರ ಹಾಸಿ ತಮ್ಮ ಪುಸ್ತಕ ಹರವಿಕೊಂಡು ಕೂಡುತ್ತಿದ್ದರು. ಹಾಳೆ ಹರಿದಷ್ಟೂ ಬೆಲೆ ಇಳಿಯುತ್ತಿತ್ತು. ಕಾಕಾ ಸ್ವತಃ ಬಂದು, ಬದನೆಕಾಯಿ ಒತ್ತಿ ನೋಡಿದಂತೆ ಪುಸ್ತಕಗಳನ್ನು ಬಿಚ್ಚದೆಯೇ ಒತ್ತಿ ನೋಡಿ, ಹೆಚ್ಚು ಹರಿದದ್ದನ್ನೇ ಆರಿಸಿದ. ಹೋದ ಹಾಳೆಗಳನ್ನು ಯಾರಿಂದಲಾದರೂ ಎರವಲು ಪಡೆದು, ರದ್ದಿ ಅಂಗಡಿಯ ಸರಕಾರಿ ಕಾಗದಗಳ ಬೆನ್ನಿನ ಮೇಲೆ ನಾವು ನಕಲು ಮಾಡಿಕೊಳ್ಳಬೇಕಾಗಿತ್ತು.

ಆದರೆ ಇಂಟರಿನ ಎರಡನೆಯ ವರ್ಷಕ್ಕೆ ಬಂದಾಗ ತರ್ಕಶಾಸ್ತ್ರದ ಪುಸ್ತಕ ಬದಲಾಗಿತ್ತು. ಮಂತಿಕ್ ಎಂದು ಅದರ ಹೆಸರು. ಹಳೆಯ ಪ್ರತಿ ಎಲ್ಲಿಯೂ ಇಲ್ಲ, ಹೊಸದೇ ಕೊಳ್ಳಬೇಕು. ಅಂಗಡಿಯವನು ಬೆಲೆ ಹೇಳಿದಾಗ ಕಾಕಾ, ಯಾರೋ ಕೆನ್ನೆಗೆ ಹೊಡೆದಂತೆ ಹಿಂದೆ ಸರಿದ. “ಒಂದೇ ಮನಿ, ಒಂದೇ ಕೋಣಿ, ಒಂದೇ ಪುಸ್ತಕ ಸಾಕು,” ಎಂದು ಒಂದನ್ನೇ ಕೊಂಡ. ಅದಕ್ಕೆ ಸಕ್ಕರೆ ಕಟ್ಟಿ ತಂದ ದಪ್ಪ ಕಾಗದದ ಹೊದಿಕೆ ಹಾಕಿದವನು ನಾನು.

ಕೋಟೆಯ ಹಿಂದಿನ ಗಲ್ಲಿಯಲ್ಲಿ, ಕೆಲಸದಿಂದ ನಿವೃತ್ತನಾದ ಒಬ್ಬ ಮುನಶಿಯ ಮನೆಯಲ್ಲಿ ನಮಗೆ ಒಂದು ಕೋಣೆ. ಆ ಕೋಣೆಯಲ್ಲಿ ಒಂದು ಪುಸ್ತಕ, ಇಬ್ಬರು ವೈರಿಗಳು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ನಾನು ಓದೋಣವೆಂದಾಗ ಅವನಿಗೆ ಹಾಳೆ ತಿರುವುವ ಆತುರ, ಅವನು ಓದುವಾಗ ನನಗೆ ಹಿಂದಿನ ಪಾಠ ನೋಡುವ ಆತುರ. ಅವನು ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ, ನಾನು ಅವನ ತಲೆ ಎತ್ತಿ ಎಳೆದುಕೊಳ್ಳುತ್ತಿದ್ದೆ. ಒಮ್ಮೆ ಈ ಎಳೆದಾಟದಲ್ಲಿ ಅವನ ತುಟಿ ಒಡೆಯಿತು. ಆ ವರ್ಷದ ಕಾಲೇಜು ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ.

ಆಗ ನಮಗೆ ವಾರದ ರಜೆ ಶುಕ್ರವಾರ. ಗುರುವಾರ ಸಂಜೆ ಊರಿಗೆ ಬಂದೆವು. ಮಗನ ತುಟಿ ನೋಡಿದ ಕಾಕಾ ಮರುದಿನ ಗಲ್ಲಿಯ ಅದೇ ಹಿರಿಯರಿಬ್ಬರನ್ನು ಕರೆಸಿದ. ಮಗನನ್ನು ಬೆಳಿಗ್ಗೆಯೇ ಏನೋ ಕೆಲಸಕ್ಕೆಂದು ಮಹಾಗಾಂವಕ್ಕೆ ಅಟ್ಟಿದ್ದ. ಅವನಿದ್ದರೆ ಜಗಳವಾದೀತು, ಅವನ ಪಾಲಿನದು ತಾನೇ ನೋಡಿಕೊಂಡರೆ ಲೇಸು ಎಂದು ಕಾಕಾನ ಲೆಕ್ಕ. “ಹೊಲಾ ಪಾಲ ಮಾಡ್ತೀವಿ, ಬಾವಿ ಪಾಲ ಮಾಡ್ತೀವಿ. ಪುಸ್ತಕಾನೂ ಪಾಲ ಮಾಡೂಣ,” ಎಂದ. ಹಿರಿಯರು ನಕ್ಕರು. ಅವನು ನಗಲಿಲ್ಲ. ನಡುವೆ ಸೀಳಿ ಅರ್ಧರ್ಧ. ಸಂಕ್ರಾಂತಿಯವರೆಗೆ ಒಂದು ಭಾಗ ಒಬ್ಬನಿಗೆ, ಆಮೇಲೆ ಅದಲುಬದಲು. ಮಾಸ್ತರರು ಸಂಕ್ರಾಂತಿಯವರೆಗೆ ಮೊದಲ ಅರ್ಧ ಕಲಿಸುತ್ತಾರೆಂದು ಅವನು ಮಗನಿಂದ ಕೇಳಿ ತಿಳಿದಿದ್ದ.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಒಂದು ಪದ್ಧತಿ: ಹಿರಿಯವ ಪಾಲು ಹಚ್ಚಬೇಕು, ಕಿರಿಯವ ಮೊದಲು ಎತ್ತಬೇಕು. ಹಚ್ಚಿದವನಿಗೆ ಎತ್ತುವ ಹಕ್ಕಿಲ್ಲವಾದ್ದರಿಂದ ಮೋಸ ನಡೆಯದು. ಎತ್ತಿದ ಮೇಲೆ ಎಲೆ ಅಡಿಕೆ ಹಂಚಿದರೆ ಮುಗಿಯಿತು. ಬ್ರಹ್ಮ ಬಂದರೂ ಬದಲಿಲ್ಲ. ನನ್ನ ಅಪ್ಪ ಹಿರಿಯವನಾದ್ದರಿಂದ ಹಚ್ಚುವ ಸರದಿ ನನ್ನದು. ಎತ್ತುವ ಸರದಿ ಕಾಕಾನದು. ಅವನು ಮೊದಲ ಅರ್ಧವನ್ನೇ ಎತ್ತುತ್ತಾನೆಂದು ನನಗೆ ಬೆಳಕಿನಷ್ಟು ಸ್ಪಷ್ಟವಿತ್ತು.

ಕಾಕಾ ಕನ್ನಡ ಓದುತ್ತಿದ್ದ, ಮೋಡಿ ಲಿಪಿಯಲ್ಲಿ ಅಂಗಡಿಯ ವ್ಯವಹಾರ ಬರೆಯುತ್ತಿದ್ದ. ಉರ್ದು ಮಾತ್ರ ಕಲಿಯಲಿಲ್ಲ. “ಇರಿವಿ ಸಾಲು” ಎಂದು ಅದನ್ನು ಹೀಯಾಳಿಸುತ್ತಿದ್ದ. ಸರಕಾರಿ ಕಾಗದ ಬಂದರೆ ಓದಿಸಿಕೊಂಡು ಹೆಬ್ಬೆರಳಿಗೆ ಬದಲು ಕನ್ನಡದಲ್ಲಿ ಸಹಿ ಹಾಕುತ್ತಿದ್ದ. ಒಂಟಿ ಕಾಗದಗಳನ್ನು ಕಂಡಿದ್ದನೇ ಹೊರತು ಒಂದು ಉರ್ದು ಪುಸ್ತಕವನ್ನು ಜೀವಮಾನದಲ್ಲಿ ಬಿಚ್ಚಿದವನಲ್ಲ. ಅದು ಬಲಗಡೆಯಿಂದ ತೆರೆದುಕೊಳ್ಳುತ್ತದೆ, ನಮ್ಮ ಪುಸ್ತಕದ ಕೊನೆ ಇರುವಲ್ಲಿ ಅದರ ಮೊದಲಿರುತ್ತದೆ ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ನಮ್ಮ ಚೀಲದಲ್ಲಿ ಊರಿಗೆ ಬಂದಿದ್ದ ಪುಸ್ತಕವನ್ನು ನಾನು ಒಳಗಿನಿಂದ ತಂದೆ. ಹೊದಿಕೆ ಎರಡೂ ಬದಿಗೆ ಬೋಳು. ಹಿರಿಯರಿಬ್ಬರಿಗೂ ಉರ್ದು ಬಾರದು. ಹಿರಿಯರ ಮುಂದೆ, ಕಂಬಳಿಯ ಮೇಲೆ, ಬೇಕೆಂದೇ ಅದನ್ನು ಬೋರಲು ಇಟ್ಟೆ. ಈಗ ಅದರ ಬೆನ್ನು ಎಡಕ್ಕೆ ಬಂತು. ಕನ್ನಡ ಬಲ್ಲ ಯಾರಿಗಾದರೂ ಅದು ನೆಟ್ಟಗೆ ಇಟ್ಟ ಪುಸ್ತಕ.

ಕುಡಗೋಲಿನ ತುದಿಯಿಂದ ನಡುವಿನ ಹೊಲಿಗೆ ಕತ್ತರಿಸಿ ಎರಡು ಭಾಗ ಮಾಡಿದೆ. ಮೇಲಿನದನ್ನು ಒಂದು ಕಡೆ ಇಟ್ಟೆ, ಕೆಳಗಿನದನ್ನು ಇನ್ನೊಂದು ಕಡೆ. ಕಾಕಾ ಬೆರಳು ನೆಕ್ಕಿಕೊಂಡು ಮೇಲಿನ ಭಾಗದ ಹೊದಿಕೆ ತಿರುವಿದ. ಆ ಪುಸ್ತಕದ ಕಟ್ಟಕಡೆಯ ಹಾಳೆ ತಪ್ಪೊಪ್ಪಿನ ಪಟ್ಟಿ. ಅಚ್ಚಿನಲ್ಲಿ ಆದ ತಪ್ಪುಗಳನ್ನು ಸಾಲುಸಾಲಾಗಿ, ಗೆರೆ ಎಳೆದ ಮನೆಗಳಲ್ಲಿ ಕೊಟ್ಟಿದ್ದರು. ಕಾಕಾ ಅದರ ಮೇಲೆ ಬೆರಳಾಡಿಸಿದ. “ಅನುಕ್ರಮಣಿಕಿ ಇಲ್ಲೇ ಅದ ನೋಡ್ರಿ,” ಎಂದು ಹಿರಿಯರಿಗೆ ತೋರಿಸಿ, ಆ ಭಾಗವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡ. ಎಲೆ ಅಡಿಕೆ ಹಂಚಿದರು. ನಾನೂ ಒಂದು ಎಲೆ ತೆಗೆದುಕೊಂಡೆ.

ನನಗೆ ನಾಚಿಕೆಯಾಗಲಿಲ್ಲ. ಸಂತೋಷವಾಯಿತು, ಸುಳ್ಳೇಕೆ ಹೇಳಲಿ? ಹತ್ತು ವರ್ಷ ನನ್ನ ಅವ್ವನಿಗೆ ಕಪ್ಪಾದ ಹಣ್ಣು ಹಾಕಿದವನು ಕೈಯಾರೆ ಕೊನೆಯ ಅರ್ಧ ಎತ್ತಿಕೊಂಡು ಬೀಗುತ್ತಿದ್ದ. ಅವ್ವನ ಮುಂದೆ ಹೇಳಿ ನಗಬೇಕೆನಿಸಿತು. ಆಕೆ ಬೈದಾಳೆಂದು ಸುಮ್ಮನಾದೆ.

ಸಂಜೆ ಮಗ ಮಹಾಗಾಂವದಿಂದ ಬಂದ. ತನ್ನ ಪಾಲು ಬಿಚ್ಚಿ ನೋಡಿದವನೇ ಪಡಸಾಲೆಗೆ ಓಡಿದ. ನಾನು ಹಿತ್ತಲಲ್ಲಿ ಕೈಕಾಲು ತೊಳೆಯುತ್ತ ಎಲ್ಲವನ್ನೂ ಕೇಳಿಸಿಕೊಂಡೆ.

“ಅಪ್ಪಾ, ಇದು ಹಿಂದಿನ ಭಾಗ ಅದ. ಮುಂದಿಂದು ಅವನ ಹಂತ್ಯಾಕ ಹೋಗ್ಯದ.”

ಕಾಕಾ, “ನಾಲ್ಕು ಮಂದಿ ಮುಂದ ಎತ್ತೀನಿ. ಈಗ ಹೋಗಿ ನನಗ ಪುಸ್ತಕದ ತಲಿ ಯಾವ್ದು ಬಾಲ ಯಾವ್ದು ತಿಳಿಲಿಲ್ಲ ಅಂತ ಹೇಳ್ಲಾ? ಹಿಂದಿಂದಾದ್ರೇನು, ಮುಂದಿಂದಾದ್ರೇನು. ಓದಾವ ಎಲ್ಲಿಂದರೆ ಓದ್ತಾನ,” ಎಂದ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರದು ಎಂಬ ಗಾದೆಯನ್ನು ಕಾಕಾ ಚೆನ್ನಾಗಿ ಬಲ್ಲವನು. ಮಾನ ಉಳಿಸಿಕೊಂಡ, ಮಗನ ವರ್ಷ ಕಳೆದ. ತಾನು ಎಡವಿದೆನೆಂದು ಅವನಿಗೆ ತಿಳಿಯಿತು. ಎಡವುವಂತೆ ಮಾಡಿದವರು ಯಾರೆಂದು ತಿಳಿಯಲಿಲ್ಲ.

ಮಗ ದಡ್ಡನಲ್ಲ. ಕಲಬುರಗಿಯ ಕೋಣೆಗೆ ಮರಳಿದ ದಿನ ಗಂಟು ಇಳಿಸುವ ಮೊದಲೇ ಕೇಳಿದ: “ಅಪ್ಪನ ಮುಂದ ಪುಸ್ತಕ ಹ್ಯಾಂಗ ಇಟ್ಟಿದ್ದಿ?”

“ಹ್ಯಾಂಗ ಇಡಬೇಕೋ ಹಾಂಗ.”

“ಬೋರಲ ಇಟ್ಟಿದ್ದಿ.”

ಅವನು ನನ್ನ ಎದುರು ಕೂತು, ಸಣ್ಣ ದನಿಯಲ್ಲಿ, “ಹೋಗ್ಲಿ ಬಿಡು. ಇಬ್ಬರೂ ಕೂಡಿ ಓದೂಣ. ಮದ್ಲಿಂದು ಓದಿದ ಮ್ಯಾಲೆ ಹಿಂದಿಂದು ಓದೂಣ. ಇನ್ನ ಮ್ಯಾಲೆ ನಾ ಎಳೆದಾಡೂದಿಲ್ಲ,” ಎಂದ.

“ಪಾಲ ಆಗ್ಯದ,” ಎಂದೆ. “ಎಲಿ ಅಡಕಿ ಹಂಚ್ಯಾರ.”

ಅದೇ ಕೊನೆ. ಅವನು ಸುಣ್ಣದ ಹರಳಿನಿಂದ ಕೋಣೆಯ ನಡುವೆ ಗೆರೆ ಎಳೆದ. ಆಚೆ ಅವನ ಹಾಸಿಗೆ, ಈಚೆ ನನ್ನದು. ಅಲ್ಲಿಯವರೆಗೆ ಒಂದೇ ಒಲೆಯ ಮೇಲೆ ಬೇಳೆ ಬೇಯಿಸಿಕೊಂಡು ಊರಿನಿಂದ ಬಂದ ರೊಟ್ಟಿ ತಿನ್ನುತ್ತಿದ್ದೆವು. ಮರುದಿನದಿಂದ ಎರಡು ಒಲೆ, ಎರಡು ಬೋಗುಣಿ, ಎರಡು ಇದ್ದಿಲ ಚೀಲ, ಎರಡು ಚಿಮಣಿ. ಒಂದು ಪುಸ್ತಕದ ಬೆಲೆ ಉಳಿಸಲು ಹೋಗಿ ಕಾಕಾ ಅದರ ಎರಡರಷ್ಟನ್ನು ಇದ್ದಿಲು ಎಣ್ಣೆಗೆ ಸುರಿದ. ಮೂಗಿಗಿಂತ ಮೂಗುತಿ ಭಾರ ಎಂದು ಅವನಿಗೆ ಹೇಳುವವರು ಯಾರು? ಮನೆಯ ಮಾಲೀಕ ಮುನಶಿ ಒಂದು ದಿನ ಬಾಗಿಲಲ್ಲಿ ನಿಂತು ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ, “ಏಕ್ ಕಮ್ರೇ ಮೇ ದೋ ಚೂಲೇ ಕಾಯ್ಕೂ ರೇ?” ಎಂದು ಕೇಳಿದ. ಒಂದು ಕೋಣೆಗೆ ಎರಡು ಒಲೆ ಯಾಕೆಂದು ಇಬ್ಬರೂ ಹೇಳಲಿಲ್ಲ.

ಆರು ತಿಂಗಳು ಮಾತಿಲ್ಲದೆ ಕಳೆದೆವು. ಪ್ರಪಂಚದ ಯಾವ ವಿಷಯವನ್ನಾದರೂ ನಡುವಿನಿಂದ ಓದಬಹುದು, ತರ್ಕಶಾಸ್ತ್ರವನ್ನು ಓದಲಾಗದು. ಮೊದಲ ಪಾಠದಲ್ಲಿ ಹೇಳಿದ ಶಬ್ದದ ಮೇಲೆ ಎರಡನೆಯದು ನಿಂತಿರುತ್ತದೆ. ತರಗತಿಯಲ್ಲಿ ಮಾಸ್ತರರು ಪ್ರಶ್ನೆ ಕೇಳಿ ಅವನನ್ನು ಎಬ್ಬಿಸಿದರೆ ಸುಮ್ಮನೆ ನಿಲ್ಲುತ್ತಿದ್ದ. ಬೈಗುಳ ಮುಗಿಯುವವರೆಗೆ ಕಾದು ನಾನು ಕೈ ಎತ್ತುತ್ತಿದ್ದೆ. ಉತ್ತರ ಹೇಳಿ ಕೂಡುವಾಗ ಒಮ್ಮೆಯೂ ಅವನ ಕಡೆ ನೋಡದೆ ಇದ್ದದ್ದಿಲ್ಲ.

ಸಂಕ್ರಾಂತಿಗೆ ಅದಲುಬದಲಾಯಿತು. ಕೊಡುವ ಹಿಂದಿನ ದಿನ ನಾನು ನನ್ನ ಭಾಗದ ಅಂಚುಗಳಲ್ಲಿ ಬರೆದುಕೊಂಡಿದ್ದ ಅರ್ಥ, ಟಿಪ್ಪಣಿ ಎಲ್ಲವನ್ನೂ ರಬ್ಬರಿನಿಂದ ಉಜ್ಜಿ ಅಳಿಸಿದೆ. ಇಡೀ ಮಧ್ಯಾಹ್ನ ಹಿಡಿಯಿತು. ಅವನು ಕೊಟ್ಟ ಭಾಗವನ್ನು ಬಿಚ್ಚಿದಾಗ ಪ್ರತಿ ಹಾಳೆಯ ಅಂಚಿನಲ್ಲಿ ಅವನ ಪೆನ್ಸಿಲಿನ ಅಕ್ಷರ. ಮೊದಲ ಭಾಗವಿಲ್ಲದೆ ಒಂದೊಂದು ಶಬ್ದವನ್ನೂ ಯಾರ್‍ಯಾರ ಹತ್ತಿರವೋ ಕೇಳಿಕೊಂಡು ಬಂದು, ಕನ್ನಡದಲ್ಲಿ ಅರ್ಥ ಬರೆದಿದ್ದ. ತಪ್ಪು ಬರೆದಲ್ಲಿ ಹೊಡೆದು ಮತ್ತೆ ಬರೆದಿದ್ದ. ಅಳಿಸಬೇಕೆಂದು ಅವನಿಗೆ ಹೊಳೆಯಲಿಲ್ಲವೋ, ಹೊಳೆದೂ ಬಿಟ್ಟನೋ ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಅವುಗಳ ಮೇಲೇ ಓದಿದೆ. ಓದುತ್ತ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಉಪಕಾರ ಮಾಡಿದ ವೈರಿಯಂಥ ವೈರಿ ಇನ್ನೊಬ್ಬನಿಲ್ಲ.

ಪರೀಕ್ಷೆ ಮುಗಿದ ದಿನವೇ ಅವನು ಊರಿಗೆ ಹೊರಟ. ತೋಟದಲ್ಲಿ ಗೊನೆ ಕೊಯ್ಯುವ ಕೆಲಸವಿತ್ತು. ನಾನು ಉಳಿದು ಕೋಣೆ ಖಾಲಿ ಮಾಡಿ, ಸಾಮಾನು ಗಾಡಿಯಲ್ಲಿ ತರಬೇಕಾಗಿತ್ತು. ಅವನ ಪಾಲಿನ ಪುಸ್ತಕಗಳು ಒಂದು ಅರಿವೆಯಲ್ಲಿ ಕಟ್ಟಿಸಿಕೊಂಡು ಗೆರೆಯ ಆಚೆ ಕೂತಿದ್ದವು. ನಾನು ಗೆರೆ ದಾಟಿದೆ. ತರ್ಕಶಾಸ್ತ್ರದ ಅವನ ಅರ್ಧವನ್ನು ತೆಗೆದುಕೊಂಡು ನನ್ನ ಅರ್ಧದ ಜೊತೆ ಇಟ್ಟು, ಪುಸ್ತಕ ಕಟ್ಟುವ ಒಬ್ಬ ಜಿಲ್ದಗಾರನ ಹತ್ತಿರ ಹೊಲಿಸಿ, ಮುಂದಿನ ವರ್ಷಕ್ಕೆ ಬರುವ ಒಬ್ಬ ವಿದ್ಯಾರ್ಥಿಗೆ ಮಾರಿದೆ. ಹೈದರಾಬಾದಿಗೆ ಹೋದರೆ ಪುಸ್ತಕಕ್ಕೆ ಹಣ ಬೇಕಾದೀತೆಂದು ಮನಸ್ಸಿಗೆ ಹೇಳಿಕೊಂಡೆ. ನಿಜವೆಂದರೆ ಆ ಪೆನ್ಸಿಲಿನ ಅಕ್ಷರ ನನ್ನ ಟ್ರಂಕಿನಲ್ಲಿ ಇರುವುದು ಬೇಡವಾಗಿತ್ತು.

ಫಲಿತಾಂಶ ಬಂತು. ನಾನು ಪಾಸಾದೆ, ಚೆನ್ನಾಗಿಯೇ. ಅವನು ಎಲ್ಲದರಲ್ಲಿ ಪಾಸಾಗಿ ತರ್ಕಶಾಸ್ತ್ರದಲ್ಲಿ ಬಿದ್ದಿದ್ದ.

ಕಾಕಾ ಮತ್ತೆ ಅದೇ ಹಿರಿಯರಿಬ್ಬರನ್ನು ಕರೆಸಿದ. ಮಾತು ಕೊಟ್ಟಿದ್ದು ಅವರ ಎದುರಿಗೆ, ಮುರಿಯುವಂತಿಲ್ಲ. ನನ್ನನ್ನು ಹೈದರಾಬಾದಿಗೆ ಕಳಿಸುವುದಾಗಿ ಹಲ್ಲು ಕಡಿದುಕೊಂಡೇ ಹೇಳಿದ. ಆಮೇಲೆ ಮಗನ ಕಡೆ ತಿರುಗಿದ. ಅವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. “ಉಣ್ಣಾಕ ಬರ್ತದ, ಓದಾಕ ಬರಂಗಿಲ್ಲ! ಅವನೂ ಅದೇ ಪುಸ್ತಕ ಓದ್ಯಾನ, ನೀನೂ ಅದೇ ಓದಿ. ನಿನ್ನ ತಲ್ಯಾಗ ಸಗಣಿ ತುಂಬ್ಯದೇನು? ದಿಕ್ಕಿಲ್ಲದ ಹುಡುಗ ಮುಂದ ಹೋದ, ನೀ ನನ್ನ ಮಾರಿಗೆ ಮಸಿ ಹಚ್ಚಿದಿ!” ಹೀಗೆ ಒಂದು ತಾಸು.

ಅವನು ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಪುಸ್ತಕ ಬೋರಲು ಇಟ್ಟಿದ್ದ ಎಂದಿದ್ದರೆ ಹಿರಿಯರು ಪಾಲು ಮೋಸದ್ದೆಂದು ಕಾಕಾನನ್ನು ಕೊಟ್ಟ ಮಾತಿನಿಂದ ಬಿಡಿಸುತ್ತಿದ್ದರು. ನನ್ನ ಹೈದರಾಬಾದು ಅಲ್ಲಿಗೇ ಮುಗಿಯುತ್ತಿತ್ತು, ಅವ್ವ ಆ ಒಲೆಯ ಮುಂದೆ ಇನ್ನೂ ಇಪ್ಪತ್ತು ವರ್ಷ ಕೂಡುತ್ತಿದ್ದಳು. ಅವನು ತಲೆ ಎತ್ತಿ ನನ್ನನ್ನು ನೋಡಿದ, ಆಮೇಲೆ ಬಾಗಿಲಲ್ಲಿದ್ದ ಅವ್ವನನ್ನು ನೋಡಿದ. ಅವನು ಮತ್ತೆ ತಲೆ ತಗ್ಗಿಸಿದ, ಅಪ್ಪನ ಬೈಗುಳ ಮುಗಿಯುವವರೆಗೂ ಎತ್ತಲಿಲ್ಲ.

ಮರುದಿನ ನಾನು ಹೊರಡುವವನು. ಬೆಳಿಗ್ಗೆ ಅವನು ತೋಟದ ಬಾವಿಯ ಹತ್ತಿರ ಗೊನೆಗಳನ್ನು ಒಣ ಎಲೆಯಲ್ಲಿ ಸುತ್ತಿ ಗಾಡಿಗೆ ಹೇರುತ್ತಿದ್ದ. ನಾನು ಅತ್ತ ಹೋಗುವವನಲ್ಲ, ಕರೆದ, ಹೋದೆ. ಒಂದು ವರ್ಷದಲ್ಲಿ ಅವನು ನನ್ನನ್ನು ಕರೆದದ್ದು ಅದೇ ಮೊದಲು. ಕೈಯ ಕೆಲಸ ನಿಲ್ಲಿಸದೆ ಮಾತಾಡಿದ.

“ನಿನ್ನೆ ನಾ ಏನೂ ಹೇಳಲಿಲ್ಲ.”

“ಹೂಂ.”

“ನಿನ್ನ ಸಲುವಾಗಿ ಅಲ್ಲ. ದೊಡ್ಡವ್ವನ ಸಲುವಾಗಿ.” ದೊಡ್ಡವ್ವ ಎಂದರೆ ನನ್ನ ಅವ್ವ. “ಅಪ್ಪ ಇನ್ನೊಮ್ಮೆ ಫೀಸು ಕೊಡಂಗಿಲ್ಲ ಅಂತಾನ. ನಮ್ಮ ಸೋದರಮಾವ ಕೊಡ್ತೀನಿ ಅಂದಾನ. ಅದೊಂದೇ ಪರೀಕ್ಷೆಗೆ ಮತ್ತ ಕೂಡ್ತೀನಿ. ಹೊಸಾ ಪುಸ್ತಕ ತಗೊಳ್ಳಾಕ ಮಾವಗ ಹೇಳಾಕ ಬರಂಗಿಲ್ಲ, ಎರಡೂ ಭಾಗ ಹ್ಯಾಂಗೂ ಮನ್ಯಾಗ ಅವಲ್ಲ. ನಿನ್ನ ಟ್ರಂಕಿನ್ಯಾಗ ಇದ್ರ ಕೊಟ್ಟು ಹೋಗು.”

ಸುಳ್ಳು ಹೇಳಬಹುದಿತ್ತು, ಗಾಡಿಯಲ್ಲಿ ಕಳೆದುಹೋಯಿತು ಎನ್ನಬಹುದಿತ್ತು. ಅದಕ್ಕೂ ಧೈರ್ಯ ಬೇಕಾಗುತ್ತದೆ.

“ಮಾರಿದೆ,” ಎಂದೆ.

“ನಿಂದಾ?”

“ಎರಡೂ.”

ಅವನ ಕೈ ನಿಂತಿತು. ಹೊಡೆಯುತ್ತಾನೆ ಎಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ. ಅವನು ಹಣೆಯ ಬೆವರು ಒರೆಸಿಕೊಂಡು, ಗಿರಾಕಿಯನ್ನು ಕೇಳುವ ದನಿಯಲ್ಲಿ ಕೇಳಿದ:

“ಎಷ್ಟಕ್ಕ?”

“ಒಂದೂವರಿ ರೂಪಾಯಿ.”

ಅವನು ಕೆಳಗಿಟ್ಟಿದ್ದ ಗೊನೆಯನ್ನು ಹೆಗಲಿಗೇರಿಸಿ ಗಾಡಿಯ ಕಡೆ ತಿರುಗಿದ.

“ಬಾಳ ಸಸ್ತಾ ಕೊಟ್ಟಿ,” ಎಂದ.